ಎಡಗರಿ, ಬಲಗರಿ

ಬಚ್ಚಲಿನ ತೊಟ್ಟಿಯಲ್ಲಿ ಈ ತುದಿಯಿಂದ ಆ ತುದಿಗೆ ಎಳೆದರೆ ಗರಿಮೀನು ನೆಟ್ಟಗೆ ಈಜಬೇಕು. ಇದು ಬುಗುರಿಯಂತೆ ತಿರುಗಿತು. ಗರಿಯಣ್ಣ ಇನ್ನೊಮ್ಮೆ ಎಳೆದು ನೋಡಿದ. ಮತ್ತೆ ತಿರುಗಿತು. ತಲೆಯ ವಾರ್ನಿಷ್ ಕೆರೆದು, ಸುತ್ತಿದ ದಾರವನ್ನು ಬಿಚ್ಚಿ, ಎರಡು ಗರಿಗಳನ್ನೂ ಅಂಗೈ ಮೇಲೆ ಇಟ್ಟುಕೊಂಡ. ಬಿಚ್ಚುವ ಮೊದಲೇ ಅವನಿಗೆ ಗೊತ್ತಿತ್ತು. ಎರಡೂ ಎಡದವು.

ಸರೋವರದ ದೋಣಿಯವರೆಲ್ಲ ಅವನನ್ನು ಗರಿಯಣ್ಣ ಎಂದೇ ಕರೆಯುತ್ತಿದ್ದರು. ಉದ್ದ ಕಾಲಿನ ಗಾಳಕ್ಕೆ ರೇಷ್ಮೆ ದಾರ ಸುತ್ತಿ, ಅದರ ಮೇಲೆ ಬೆಳ್ಳಿ ಜರಿ ಸುತ್ತಿ, ಹುಂಜದ ಬೆನ್ನಿನ ಎರಡು ನೀಳ ಗರಿಗಳನ್ನು ಕಟ್ಟಿದರೆ ನೀರಿನಲ್ಲಿ ಅದು ಥೇಟು ಬೆರಳುದ್ದದ ಮರಿಮೀನು; ಅದಕ್ಕೇ ಗರಿಮೀನು ಎಂಬ ಹೆಸರು. ಅದನ್ನು ತಂಗೂಸಿ ದಾರದ ತುದಿಗೆ ಕಟ್ಟಿ ದೋಣಿಯ ಹಿಂದೆ ನಿಧಾನಕ್ಕೆ ಎಳೆದುಕೊಂಡು ಹೋದರೆ ಆಳದ ದೊಡ್ಡ ಮೀನು ಮೋಸ ಹೋಗುತ್ತದೆ. ಆದರೆ ಗರಿಗಳಲ್ಲಿ ಒಂದು ಹುಂಜದ ಎಡಮಗ್ಗುಲಿನದು, ಇನ್ನೊಂದು ಬಲಮಗ್ಗುಲಿನದು ಆಗಿರಲೇಬೇಕು. ಒಂದರ ಬಾಗು ಇನ್ನೊಂದರ ಬಾಗನ್ನು ತಿದ್ದುತ್ತದೆ. ಎರಡೂ ಒಂದೇ ಮಗ್ಗುಲಿನವಾದರೆ ಗರಿಮೀನು ಗಿರಗಿರ ತಿರುಗುತ್ತದೆ, ತಂಗೂಸಿ ಹುರಿಗೊಂಡು ಗಂಟಾಗುತ್ತದೆ, ದೋಣಿಯವರು ಕಟ್ಟಿದವನ ಜನ್ಮ ಜಾಲಾಡುತ್ತಾರೆ.

ಜೋಡಿ ಹೊಂದಿಸುವುದು ಅವನ ಹೆಂಡತಿಯ ಕೆಲಸ. ಮೂವತ್ತೊಂದು ವರ್ಷದಿಂದ ಅವಳದೇ. ಅವಳು ಗರಿಯನ್ನು ನೋಡುತ್ತಿರಲಿಲ್ಲ. ಕೆಳತುಟಿಯ ಮೇಲೆ ಒಮ್ಮೆ ಸವರಿ, ಬಾಗು ಯಾವ ಕಡೆಗೆಂದು ತಿಳಿದು, ಎಡದ ಡಬ್ಬಿಗೋ ಬಲದ ಡಬ್ಬಿಗೋ ಹಾಕುತ್ತಿದ್ದಳು. ಕೈ ಅದರ ಪಾಡಿಗೆ ಅದು, ಬಾಯಿ ಅದರ ಪಾಡಿಗೆ ಅದು. ಎದುರುಮನೆಯವರ ಜಗಳದಿಂದ ಹಿಡಿದು ನಾದಿನಿಯ ಜಂಬದವರೆಗೆ ಎಲ್ಲವೂ ಆ ಮೇಜಿನ ಮೇಲೆ ವಿಚಾರಣೆಗೆ ಬರುತ್ತಿತ್ತು. ನಮ್ಮಿಬ್ಬರನ್ನು ಜೋಡಿ ಮಾಡಿದವರು ಮಾತ್ರ ತುಟಿಗೆ ಸವರಿ ನೋಡಲಿಲ್ಲ ಎಂದು ಆಗಾಗ ಅವನನ್ನು ಕಿಚಾಯಿಸುತ್ತಿದ್ದಳು.

ಹೋದ ವರ್ಷ ಅವಳು ತೀರಿಹೋದ ಅಕ್ಕನಿಗೆ ಫೋನು ಮಾಡಲು ಹೊರಟಳು. ಆಮೇಲೆ ಒಲೆ ಹಚ್ಚಿ ಮರೆತಳು. ವೈದ್ಯರು ಪರೀಕ್ಷೆ ಮಾಡಿ, ಅವನನ್ನೊಬ್ಬನನ್ನೇ ಒಳಗೆ ಕರೆದು, ಇದು ಹೆಚ್ಚುತ್ತಲೇ ಹೋಗುವ ಕಾಯಿಲೆ ಎಂದರು. ಅವಳಿಗೆ ಅವನು ಹೇಳಿದ್ದು ರಕ್ತ ಕಡಿಮೆಯಾಗಿದೆ ಅಂತ. ಅವಳ ತಾಯಿಗೂ ಕೊನೆಗೆ ಹೀಗೇ ಆಗಿತ್ತು. ಮನೆಯವರೆಲ್ಲ ದಿನವಿಡೀ ಅದು ಹಾಗಲ್ಲ, ಇದು ಹೀಗಲ್ಲ ಎಂದು ತಿದ್ದಿ ತಿದ್ದಿ, ಆ ಮುದುಕಿ ಬಾಗಿಲ ಸಂದಿಯಲ್ಲಿ ಅಡಗಿ ಕೂರುವಂತಾಗಿತ್ತು. ಆಸ್ಪತ್ರೆಯಿಂದ ಮರಳುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವಳು ಅಂದಿದ್ದಳು:

"ಅಮ್ಮನ ಹಾಗೆ ನನಗೂ ಆದ್ರೆ ನೀವು ಮಾತ್ರ ಹೇಳಬೇಡಿ. ನನಗೆ ಗೊತ್ತಾಗದ ಹಾಗೇ ಆಗಿಹೋಗಲಿ."

ಅವನು ಆಯಿತು ಎಂದಿದ್ದ. ಅಂದಿನಿಂದ ಅವಳು ಸ್ನಾನಕ್ಕೆ ಹೋದಾಗಲೆಲ್ಲ ಎರಡೂ ಡಬ್ಬಿಗಳನ್ನು ಮೇಜಿನ ಮೇಲೆ ಸುರಿದು, ಕದ್ದ ಮಾಲು ವಿಂಗಡಿಸುವವನಂತೆ ಗರಿಗಳನ್ನು ಅದಲುಬದಲು ಮಾಡುತ್ತಿದ್ದ. ನೀರಿನ ಸದ್ದು ನಿಂತರೆ ಅವನ ಕೈಯೂ ನಿಲ್ಲುತ್ತಿತ್ತು.

ಆದರೂ ಕಟ್ಟಿದ ಗರಿಮೀನುಗಳ ಒಂದು ಪೆಟ್ಟಿಗೆ ಹೇಗೋ ಕಣ್ತಪ್ಪಿ ಹೋಯಿತು. ಒಂದು ಗುರುವಾರ ದೋಣಿ ಯಜಮಾನ ಅದನ್ನು ವಾಪಸ್ಸು ತಂದ. ಅವನ ನಡಿಗೆ ನೋಡಿ ಬಾತುಕೋಳಿ ಎಂದು ಹೆಸರಿಟ್ಟವಳು ಇವಳೇ. ಅವನು ಹುರಿಗೊಂಡ ತಂಗೂಸಿಯ ಸಿಕ್ಕನ್ನು ಮೇಜಿನ ಮೇಲೆ ಇಟ್ಟು ತಲೆ ಕೆರೆದುಕೊಂಡ.

"ಅಣ್ಣ, ಹದಿನಾಲ್ಕರಲ್ಲಿ ಒಂಬತ್ತು ತಿರುಗ್ತಾ ಇವೆ."

"ಏ ಬಾತುಕೋಳಿ, ಜೋಡಿ ಮಾಡಿದ್ದು ನಾನು. ನನ್ನ ಜೋಡಿ ಯಾವತ್ತಾದ್ರೂ ತಪ್ಪಿದ್ದು ನೋಡಿದೀಯಾ?" ಎಂದಳು ಅವಳು. ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿ ಕೇಳುವಂತಿತ್ತು. ಮಡಿಲಲ್ಲಿದ್ದ ಗರಿಯನ್ನು ಮೆಲ್ಲಗೆ ಕೈಗೆತ್ತಿಕೊಂಡಳು.

ಗರಿಯಣ್ಣನಿಗೆ ಯೋಚಿಸಲು ಹೊತ್ತಿರಲಿಲ್ಲ.

"ಅವಳದ್ದೇನೂ ಇಲ್ಲ ಕಣಯ್ಯ. ನನ್ನ ಕಣ್ಣು. ಎಲ್ಲ ಮಂಜು ಮಂಜು. ಅವಳು ಸರಿಯಾಗಿ ಇಟ್ಟಿದ್ದನ್ನ ನಾನೇ ಕಲೆಸಿಬಿಡ್ತೀನಿ."

ಗರಿ ಅವಳ ಕೈಯಿಂದ ಜಾರಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಬೈದಳು, ಅತ್ತಳು, ಕನ್ನಡಕ ಹಾಕಿಕೊಳ್ಳಿ ಎಂದು ಬಡಕೊಂಡಿದ್ದು ಯಾರ ಕಿವಿಗೆ ಬಿತ್ತು ಎಂದು ಮತ್ತೆ ಬೈದಳು. ಬಾತುಕೋಳಿ ಬಂದ ದಾರಿ ಹಿಡಿದ. ಸದ್ಯಕ್ಕೆ ಹೊಸ ಪೆಟ್ಟಿಗೆ ಬೇಡ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಅಲ್ಲಿಂದ ಅವಳಿಗೊಂದು ಕಸುವು ಬಂತು. ಲೋಟವನ್ನು ಅವನ ಕೈಗೇ ಇಡುವಳು, ಪೇಪರು ಓದಿ ಹೇಳುವಳು, ಹೊಸ್ತಿಲು ಎಂದು ಎಚ್ಚರಿಸುವಳು. ಅವನು ನೋಡಿಯೂ ನೋಡದವನಂತೆ ಗೋಡೆ ಸವರಿಕೊಂಡು ನಡೆಯುವುದನ್ನು ಕಲಿತ. ಅವಳು ನಿನ್ನೆಯ ಪೇಪರನ್ನೇ ಓದಿದ ದಿನ ಎಲ್ಲದಕ್ಕೂ ಹೊಸದೆಂಬಂತೆ ಹೂಂಗುಟ್ಟಿದ.

ಹದಿನೈದು ದಿನ ಕಳೆದಿರಬೇಕು. ಅವಳು ದೋಣಿಕಟ್ಟೆಗೆ ಹೋಗಿ ಬಾತುಕೋಳಿಯ ಜತೆ ವಾದ ಹೂಡಿದಳು. ಕಟ್ಟುವ ಕೈ ಕೆಟ್ಟಿಲ್ಲ, ಕಣ್ಣು ತಾನೇ, ಪಕ್ಕದಲ್ಲೇ ಕೂತು ಒಂದೊಂದು ಜೋಡಿಯನ್ನೂ ನಾನೇ ಕೈಗೆ ಕೊಡುತ್ತೇನೆ ಎಂದಳಂತೆ. ಹನ್ನೆರಡು ಕಟ್ಟಿಕೊಡಿ, ನೋಡೋಣ ಎಂದನಂತೆ ಅವನು. ಗೆದ್ದು ಬಂದವಳಂತೆ ಮನೆಗೆ ಬಂದಳು.

ಮೇಜಿನಂಚಿಗೆ ಬಿಗಿದ, ಇಕ್ಕಳದಂಥ ವೈಸ್‌ನ ಬಾಯಲ್ಲಿ ಗಾಳ ಕಚ್ಚಿಸಿ ಅವನು ಕೂತ. ಅವಳು ಕುರ್ಚಿಯನ್ನು ಅವನ ಭುಜಕ್ಕೆ ಒತ್ತಿಕೊಂಡು ಕೂತಳು. ಮೊದಲ ಜೋಡಿ ಕೊಟ್ಟಳು. ಎರಡೂ ಬಲದವು. ಅವಳ ದೃಷ್ಟಿ ಅವನ ಬೆರಳುಗಳ ಮೇಲೇ ಇತ್ತು, ಬದಲಿಸುವುದು ಹೇಗೆ? ಡಬ್ಬಿಗಳು ಅವಳ ಮಡಿಲಲ್ಲಿದ್ದವು. ಅವನು ಕಟ್ಟಿದ. ದಾರ ಒಂದರ ಪಕ್ಕ ಒಂದು ಕೂರುವಂತೆ ಸುತ್ತಿ, ಜರಿಯನ್ನು ಸಮ ಅಂತರದಲ್ಲಿ ಎಳೆದು, ತಲೆಯನ್ನು ಸಾಸಿವೆಯಷ್ಟು ಸಣ್ಣದಾಗಿ ಮುಗಿಸಿದ. ಇಷ್ಟು ಚೆಂದದ ಕೆಲಸವನ್ನು ಅವನು ವರ್ಷಗಳಿಂದ ಮಾಡಿರಲಿಲ್ಲ. ಎರಡನೆಯದು ಸರಿಯಿತ್ತು. ಮೂರನೆಯದು ತಪ್ಪು. ಹನ್ನೆರಡು ಮುಗಿಯುವಾಗ ಎಂಟು ತಪ್ಪಿದ್ದವು, ಅವನ ಬೆನ್ನು ಬೆವರಿತ್ತು.

"ನೋಡಿದ್ರಾ," ಎಂದು ಅವನ ಬೆನ್ನು ಸವರಿದಳು. "ನಾನಿರುವಾಗ ನಿಮಗೆ ಕಣ್ಣು ಯಾಕೆ?"

ಆ ರಾತ್ರಿ ಪೆಟ್ಟಿಗೆಯನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು. ಮರುದಿನ ಬೆಳಿಗ್ಗೆ ಅವಳೇ ಅವನ ತೋಳು ಹಿಡಿದು ದೋಣಿಕಟ್ಟೆಗೆ ನಡೆಸಿಕೊಂಡು ಹೋದಳು. ಬಾತುಕೋಳಿ ದೋಣಿಯೊಂದರ ಎಂಜಿನ್ನಿನೊಳಗೆ ಅರ್ಧ ಹೊಕ್ಕಿದ್ದ. ಐದು ನಿಮಿಷ ಅಕ್ಕ, ಬಂದೆ ಎಂದ. ಅವಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಕಟ್ಟೆಯ ಗೂಟಕ್ಕೆ ಒರಗಿಸಿದ್ದ ಗಾಳದ ಕೋಲನ್ನು ತೆಗೆದುಕೊಂಡು, ಅದರ ತಂಗೂಸಿಗೆ ಪೆಟ್ಟಿಗೆಯ ಮೇಲಿನ ಗರಿಮೀನನ್ನು ಕಟ್ಟಿ, ನೀರಿಗೆ ಬಿಟ್ಟು, ಕಟ್ಟೆಯಂಚಿನಲ್ಲೇ ನಡೆಯುತ್ತ ಎಳೆದಳು.

ನೀರು ತಿಳಿಯಾಗಿತ್ತು. ಬೆಳ್ಳಿ ಜರಿ ಮಿಂಚಿ ಮರೆಯಾಗಿ, ಮಿಂಚಿ ಮರೆಯಾಗಿ, ಸುತ್ತುತ್ತಲೇ ಬಂತು.

ಅವಳು ನಿಂತಳು. ಇನ್ನೊಂದನ್ನು ಕಟ್ಟಿದಳು. ಅದೂ ತಿರುಗಿತು. ಅದನ್ನು ಮೇಲೆತ್ತಿ, ಒದ್ದೆ ಗರಿಗಳನ್ನು ಉಗುರಿನಿಂದ ಬಿಡಿಸಿ, ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ಮತ್ತೊಂದು, ಮಗದೊಂದು. ನಿನ್ನೆ ತಾನು ಅವನ ಕೈಗಿಟ್ಟಿದ್ದ ಜೋಡಿಗಳು. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು. ಮುಖದಿಂದ ಏನೋ ಇಳಿದು ಹೋಗುವುದನ್ನು ಅವನು ನಾಲ್ಕು ಹೆಜ್ಜೆ ದೂರದಲ್ಲಿ, ಸರೋವರದ ಆಚೆ ದಡದತ್ತ ಮುಖ ಮಾಡಿ ನಿಂತವನು, ಓರೆಗಣ್ಣಿನಲ್ಲಿ ಕಂಡ. ಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿತು. ಕಾಣದವನು ಯಾವುದನ್ನು ಕಂಡು ಹೋಗಬೇಕು?

"ಏನಾಯ್ತೇ?" ಎಂದ. "ಹೇಗೆ ಹೋಗ್ತಾ ಇದೆ?"

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. ಹತ್ತಿರ ಬಂದು ಅವನ ತೋಳು ಹಿಡಿದಳು. ಅವಳ ಬೆರಳುಗಳು ತಣ್ಣಗಿದ್ದವು.

"ನೆಟ್ಟಗೆ ಹೋಗ್ತಾ ಇದೆ ರೀ."

"ಎಲ್ಲವೂ?"

"ಹನ್ನೆರಡೂ," ಎಂದಳು.