ಮೂವತ್ತೆರಡು ಹಸಿ ಬೆಂಚುಗಳು

ನಮ್ಮ ಫಾದರ್‌ಗೆ ಸುಮ್ಮನಿರುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ. ಚರಂಡಿ ಕೆಲಸದವರಿಗೆ ಗಂಬೂಟು ಕೊಡಿ ಎಂದು ನಗರಸಭೆಯ ಮೆಟ್ಟಿಲ ಮೇಲೆ ಮೂರು ದಿನ ಕೂತಿದ್ದರು. ಬಿಷಪ್ಪರು ಬರೆಯುವ ಎಚ್ಚರಿಕೆಯ ಪತ್ರಗಳನ್ನು ಪ್ರಾರ್ಥನೆ ಪುಸ್ತಕದಲ್ಲಿ ಪುಟದ ಗುರುತಿಗೆ ಇಡುತ್ತಾರೆ. ಆ ಪುಸ್ತಕ ಈಗ ಸರಿಯಾಗಿ ಮುಚ್ಚುವುದಿಲ್ಲ. ನಾನು ಅವರ ಚರ್ಚಿನ ಬಡಗಿ. ನನಗೆ ಊರ ಉಸಾಬರಿ ಆಗದು. ಮರ ಮಾತಾಡುವುದಿಲ್ಲ ಎಂದೇ ಈ ಕಸುಬು ಹಿಡಿದವನು.

ಆದರೂ ಒಂದು ಶನಿವಾರ ಫಾದರ್ ಎದುರು ಬಾಯಿ ಬಿಟ್ಟೆ. ಚರ್ಚಿನ ಎದುರಿಗಿರುವ ದೊಡ್ಡ ಬಟ್ಟೆ ಅಂಗಡಿಯಲ್ಲಿ ನನ್ನ ಅಕ್ಕ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಅಲ್ಲಿ ಗಿರಾಕಿಗಳಿಗೆ ಸೋಫಾ ಉಂಟು. ಬಟ್ಟೆ ತೋರಿಸುವ ಹೆಂಗಸರಿಗೆ ಒಂದು ಸ್ಟೂಲೂ ಇಲ್ಲ. ಸಂಜೆ ಮನೆಗೆ ಬಂದರೆ ಊದಿದ ಕಾಲಿನಿಂದ ಚಪ್ಪಲಿ ಕಳಚುವುದೇ ಒಂದು ಸಾಹಸ. ಹಿಂದಿನ ದಿನ ಅವಳು ಬೆಡ್‌ಶೀಟಿನ ಗಂಟಿನ ಮೇಲೆ ಮೂರು ನಿಮಿಷ ಕೂತಿದ್ದಳು. ಸಾಹುಕಾರರು ಕ್ಯಾಮೆರಾದಲ್ಲಿ ನೋಡಿ, "ಸೋಮವಾರದಿಂದ ಬರಬೇಡ" ಅಂದುಬಿಟ್ಟರು. ಗಂಡನಿಲ್ಲದ ಮನೆ, ಓದುವ ಇಬ್ಬರು ಹೆಣ್ಣುಮಕ್ಕಳು. ಅವಳ ಕೆಲಸ ಹೋದರೆ ಅವರ ಓದೂ ಹೋಯಿತು.

ಫಾದರ್ ಆಗಲೇ ರಸ್ತೆ ದಾಟಿ ಹೋದರು. ಸಾಹುಕಾರರು ಕೆಟ್ಟವರಲ್ಲ, ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲೇ ಇರುತ್ತಾರೆ. "ಕೂತವರನ್ನ ಕಂಡ್ರೆ ಗಿರಾಕಿಗಳು ಸೋಮಾರಿ ಅಂದ್ಕೊಳ್ತಾರೆ ಫಾದರ್, ವ್ಯಾಪಾರ ನಿಮಗೆ ಗೊತ್ತಾಗಲ್ಲ" ಎಂದು ಕಾಫಿ ಕುಡಿಸಿ ಕಳಿಸಿದರು.

ಫಾದರ್ ವಾಪಸು ಬಂದವರೇ ನನ್ನ ಹೆಗಲ ಮೇಲೆ ಕೈ ಇಟ್ಟರು. "ನಾಳೆ ಪೂಜೆಯಲ್ಲಿ ಯಾರೂ ಕೂರಬಾರದು. ಬೆಂಚು ಹಸಿ ಇದೆ ಅಂತ ಬೋರ್ಡ್ ಹಾಕ್ಬೇಕು."

"ಹಸಿ ಇಲ್ವಲ್ಲ ಫಾದರ್."

"ಸುಳ್ಳು ಹೇಳೋಕಾಗುತ್ತೇನಯ್ಯಾ? ಅದಕ್ಕೇ ನೀನು ನಿಜವಾಗ್ಲೂ ವಾರ್ನಿಶ್ ಬಳಿ. ತೆಳ್ಳಗೆ, ಒಂದೇ ಕೈ. ಪೂಜೆ ಮುಗಿಯೋಷ್ಟರಲ್ಲಿ ಒಣಗಿರ್ಬೇಕು."

ಇಲ್ಲಿ ನನ್ನ ತಪ್ಪೊಂದಿದೆ, ಒಪ್ಪಿಕೊಳ್ಳುತ್ತೇನೆ. ಅರೆಬರೆ ಕೆಲಸ ನನ್ನ ಕೈಗೆ ಬರುವುದಿಲ್ಲ. ಮೂವತ್ತೆರಡು ಬೆಂಚಿಗೂ ಗಟ್ಟಿ ವಾರ್ನಿಶ್ಶನ್ನು ಎರಡೆರಡು ಕೈ ಬಳಿದೆ. ಉತ್ಸಾಹದಲ್ಲಿ ಫಾದರ್ ಕುರ್ಚಿಗೂ ಬಳಿದೆ.

ಸುದ್ದಿ ತಿಳಿದು ಅಕ್ಕ ನನ್ನ ಮೇಲೆ ಹರಿಹಾಯ್ದಳು. "ಕಾಲು ಹಿಡ್ಕೊಂಡು ಕೇಳಿದ್ರೆ ವಾಪಸ್ ತಗೊಳ್ತಿದ್ರೇನೋ. ಈಗ ಅದಕ್ಕೂ ಕಲ್ಲು ಹಾಕಿದ್ರಲ್ಲೋ ಇಬ್ಬರೂ ಸೇರ್ಕೊಂಡು!" ನನಗೆ ನಿಜವಾಗಿಯೂ ಭಯವಾಯಿತು.

ಭಾನುವಾರ ಎಲ್ಲರೂ ನಿಂತೇ ಇದ್ದರು. ವಯಸ್ಸಾದವರಿಗೂ ಬಸುರಿಯರಿಗೂ ಮಾತ್ರ ಫಾದರ್ ಬೇರೆ ಕುರ್ಚಿ ಹಾಕಿಸಿದ್ದರು. ಹನ್ನೆರಡು ನಿಮಿಷದ ಪ್ರವಚನ ಐವತ್ತು ನಿಮಿಷಕ್ಕೆ ಹೋಯಿತು. ಬೈಬಲಿನಲ್ಲಿ ಪ್ರಭು ಐದು ಸಾವಿರ ಮಂದಿಗೆ ರೊಟ್ಟಿ ಹಂಚುವ ಮೊದಲು ಅವರನ್ನು ಹುಲ್ಲಿನ ಮೇಲೆ ಕೂರಿಸಿದ ಕಥೆ. "ಮೊದಲು ಕೂರಿಸಿದ್ದು, ಆಮೇಲೆ ರೊಟ್ಟಿ" ಎಂದು ಏಳು ಸಲ ಹೇಳಿದರು. ಎಪ್ಪತ್ತು ದಾಟಿದ ಅವರ ಕಾಲೂ ನಡುಗುತ್ತಿತ್ತು, ಆದರೆ ನಾಲಿಗೆಗೆ ಆಯಾಸವೆಂಬುದಿಲ್ಲ.

ನಲವತ್ತನೇ ನಿಮಿಷಕ್ಕೆ ಸಾಹುಕಾರರ ಮಂಡಿ ಕೈಕೊಟ್ಟಿತು. ಅತ್ತಿತ್ತ ನೋಡಿ, ಬೆಂಚನ್ನು ಬೆರಳಿಂದಲೂ ಮುಟ್ಟಿ ನೋಡದೆ, ಧೊಪ್ಪನೆ ಕೂತುಬಿಟ್ಟರು.

ಪ್ರವಚನ ಮುಗಿದು ಏಳಲು ಹೋದರೆ ಏಳಲಾಗಲಿಲ್ಲ. ಇನ್ನೊಮ್ಮೆ ಜೋರು ಮಾಡಿದರು. ಪ್ಯಾಂಟು ಪರ್‍ರನೆ ಹರಿದ ಸದ್ದು ಕೊನೇ ಸಾಲಿಗೂ ಕೇಳಿಸಿತು. ನಾನು ಕಂಬದ ಮರೆಗೆ ಸರಿದೆ.

ಫಾದರ್ ವೇದಿಕೆಯಿಂದ ತುಂಬು ಪ್ರೀತಿಯಲ್ಲಿ ಹೇಳಿದರು: "ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಮ್ಮನ್ನ ನೋಡಿ ಇಲ್ಲಿ ಯಾರೂ ಸೋಮಾರಿ ಅಂದ್ಕೊಳ್ಳಲ್ಲ."

ಇಡೀ ಚರ್ಚು ನಕ್ಕಿತು. ನಗದವಳು ಅಕ್ಕ ಒಬ್ಬಳೇ. ಎಲ್ಲರನ್ನೂ ದಾಟಿ ಮುಂದೆ ಬಂದು, ತನ್ನ ಶಾಲು ತೆಗೆದು ಸಾಹುಕಾರರ ಸೊಂಟಕ್ಕೆ ಸುತ್ತಿದಳು.

"ನಿಮ್ಮದು ನಲವತ್ತೆರಡು ಸೈಜು ಸಾರ್. ಎರಡನೇ ಮಹಡಿ, ಎಡಗಡೆ ಕಪಾಟು. ಬೀಗದ ಕೈ ಕೊಡಿ, ತರ್ತೀನಿ."

ಅವರು ಕೊಟ್ಟರು. ಹತ್ತು ನಿಮಿಷದಲ್ಲಿ ಅಕ್ಕ ಹೊಸ ಪ್ಯಾಂಟು ತಂದಳು. ಸಾಹುಕಾರರು ಒಳಕೋಣೆಯಲ್ಲಿ ಹಾಕಿಕೊಂಡು ಹೊರಬಂದು, ಅವಳ ಕಾಲು ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲಿರಬೇಕು. ಆ ಊದಿದ ಕಾಲಲ್ಲೇ ಅವಳು ಎರಡು ಮಹಡಿ ಹತ್ತಿ ಇಳಿದಿದ್ದಳು.

"ನಾಳೆ ಬಂದ್ಬಿಡಮ್ಮ" ಅಂದರು. "ನಿನಗೊಂದು ಸ್ಟೂಲ್ ಹಾಕಿಸ್ತೀನಿ."

ಅಕ್ಕ ಅಲ್ಲಿಗೆ ಸುಮ್ಮನಾಗಬಹುದಿತ್ತು. ನಾನಾಗಿದ್ದರೆ ಆಗುತ್ತಿದ್ದೆ.

"ಹದಿನೇಳು ಜನ ಇದ್ದೀವಿ ಸಾರ್" ಅಂದಳು.

ಸಾಹುಕಾರರು ಫಾದರ್ ಕಡೆ ನೋಡಿದರು. ಫಾದರ್ ಛಾವಣಿ ಕಡೆ ನೋಡಿದರು.

"ಆಯ್ತು, ಹದಿನೇಳು."

ಆ ಹದಿನೇಳನ್ನೂ ನಾನೇ ಮಾಡಿದೆ. ಮುಂದಿನ ವಾರ ಅಂಗಡಿಗೆ ಹೊತ್ತುಕೊಂಡು ಹೋಗಿ ಸಾಲಾಗಿ ಇಟ್ಟರೆ, ಹದಿನೇಳು ಹೆಂಗಸರೂ ಪಕ್ಕದಲ್ಲಿ ನಿಂತೇ ಇದ್ದರು. ಕೂರುವುದು ಹೇಗೆಂದೇ ಮರೆತವರ ಹಾಗೆ ಮುಖ ಮುಖ ನೋಡಿಕೊಂಡರು. ಕೊನೆಗೆ ಅಕ್ಕ ಮುಂದೆ ಬಂದಳು. ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಸ್ಟೂಲನ್ನು ಬೆರಳಿನಿಂದ ಒತ್ತಿ ವಾರ್ನಿಶ್ ಒಣಗಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಕೂತಳು.