ಮಸ್ಕಿಯಿಂದ ಬಂದ ಫೈಟರ್ ಮೀನಿನ ಫೋಟೋ

ಬೆಳ್ಳಗಿರುವುದೆಲ್ಲ ಹಾಲಲ್ಲ. ಮಸ್ಕಿಯಿಂದ ವಸೀಮಾ ಎಂಬುವವಳ ಫೋಟೋ ಬಂದಾಗ ನನಗೆ ಮೊದಲು ಹೊಳೆದದ್ದು ಇದೇ ಮಾತು.

ಸಿಂಧನೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಮೀನು ಸಾಕುವವರ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್, ಅದರ ಫೋಟೋ ಸ್ಪರ್ಧೆಗೆ ನಾನೇ ತೀರ್ಪುಗಾರ. ಕದ್ದ ಫೋಟೋ ಬರಬಾರದೆಂದು ತಿಂಗಳಿಗೊಂದು ಪದ ಕೊಡುತ್ತೇನೆ. ಆ ಪದ ಮತ್ತು ತಮ್ಮ ಹೆಸರನ್ನು ಚೀಟಿಯಲ್ಲಿ ಬರೆದು, ತೊಟ್ಟಿಯ ಗಾಜಿಗೆ ಅಂಟಿಸಿಯೇ ಫೋಟೋ ತೆಗೆದು, ನನ್ನೊಬ್ಬನ ನಂಬರಿಗೆ ಕಳಿಸಬೇಕು. ನಾಲ್ಕಕ್ಕಿಂತ ಕಡಿಮೆ ಬಂದರೆ ಸ್ಪರ್ಧೆ ಕಾಯಂ ಬಂದ್. ಹೆದರಿಯಾದರೂ ಕಳಿಸಲಿ ಎಂದು ಈ ನಿಯಮವನ್ನೂ ನಾನೇ ಮಾಡಿ ಕೂತಿದ್ದೆ.

ಯಾರೂ ಹೆದರಲಿಲ್ಲ. ಹೋದ ತಿಂಗಳು ತುರ್ವಿಹಾಳದ ಅಂಬಪ್ಪ, ‘ಇದು ಸ್ಪರ್ಧೆನೋ ಪೊಲೀಸ್ ಠಾಣೆನೋ’ ಎಂದು ಬರೆದು ಗುಂಪು ಬಿಟ್ಟ. ಫೋಟೋ ಕಳಿಸುವವರಲ್ಲಿ ಉಳಿದವರು ಲಿಂಗಸುಗೂರಿನ ಅಮೀನ್‌ಸಾಬ್, ಪವನ, ವಿರೇಶ, ಮೂರೇ ಜನ. ಸ್ಪರ್ಧೆ ನಿಂತರೆ ನನಗೆ ಆಧಾರ್ ಕಾರ್ಡಿನ ಝೆರಾಕ್ಸ್ ಬಿಟ್ಟು ನೋಡಲು ಬೇರೇನಿದೆ? ನಿಜಕ್ಕೂ ಭಯವಾಗಿತ್ತು.

ಕೊನೆಯ ದಿನ ವಸೀಮಾಳ ಫೋಟೋ ಬಂತು. ನೀಲಿ ಫೈಟರ್ ಮೀನು, ರೆಕ್ಕೆಯೆಲ್ಲ ಬಿಚ್ಚಿ ನಿಂತಿದೆ. ಕನ್ನಡಿ ಹಿಡಿದರೆ ತನ್ನನ್ನೇ ವೈರಿ ಎಂದುಕೊಂಡು ಅದು ಹಾಗೆ ಅರಳುತ್ತದೆ. ಈ ಉಪಾಯ ಹೊಸಬಳಿಗೆ ಹೇಗೆ ಗೊತ್ತು? ಫೋಟೋ ದೊಡ್ಡದು ಮಾಡಿದೆ. ಕನ್ನಡಿ ಹಿಡಿದ ಕೈಯಲ್ಲಿ ಗಂಡಸರ ದಪ್ಪ ವಾಚು. ಚೀಟಿ ಮಾತ್ರ ಸರಿಯಾಗಿತ್ತು. ಅದೇ ನನ್ನ ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು.

‘ಭಾನುವಾರ ಮೊದಲು ಮಸ್ಕಿ, ಆಮೇಲೆ ಎಲ್ಲರ ಮನೆಗೂ ಬಂದು ತೊಟ್ಟಿ ನೋಡುತ್ತೇನೆ’ ಎಂದು ಗುಂಪಿನಲ್ಲಿ ಹಾಕಿ, ಭಾನುವಾರ ಬಸ್ ಹತ್ತಿದೆ.

ಬಸ್ಸು ಊರು ದಾಟುವಷ್ಟರಲ್ಲಿ ಪವನ ನನಗೆ ಕಳಿಸಿದ್ದ ಫೋಟೋ ಅಳಿಸಿದ. ಹಿಂದೆಯೇ ವಿರೇಶ. ಆಮೇಲೆ ಅಮೀನ್‌ಸಾಬರದೂ ಹೋಯಿತು. ನಾನು ಫೋನ್ ಮಾಡುವ ಮೊದಲೇ ಅವರೇ ಮಾಡಿದರು.

“ಯಂಕೋಬ, ಸಿಟ್ಟಿಗೇಳಬ್ಯಾಡ. ಮೂರೂ ಫೋಟೋ ನನ್ನ ತೊಟ್ಟೀವೇ ಅದಾವ. ಪವನನ ಮೀನು ಬ್ಯಾಸಿಗ್ಯಾಗ ಸತ್ತಾವ, ವಿರೇಶ ತೊಟ್ಟೀನೇ ಮಾರ್ಯಾನ. ಚೀಟಿ ಅವರ ಕೈಲೆ ಬರಿಸಿ ನನ್ನ ಗಾಜಿಗೇ ಅಂಟಿಸ್ತಿದ್ವಿ.”

“ಎಷ್ಟು ದಿನದಿಂದ್ರಿ?”

“ಐದು ತಿಂಗಳಾತು. ಸ್ಪರ್ಧೆ ಬಂದ್ ಆದ್ರ ನೀ ಮಾರಿ ಸಣ್ಣದು ಮಾಡ್ಕೊಂಡು ಕುಂದರ್ತಿ ಅಂತ ಮಾಡಿದ್ವಿ.”

ಐದು ತಿಂಗಳು ನಾನು ಚೀಟಿಯ ಅಕ್ಷರ ಹಿಗ್ಗಿಸಿ ನೋಡಿದ್ದೇ ನೋಡಿದ್ದು. ಪವನನಿಗೆ, ನಿನ್ನ ತೊಟ್ಟಿಗೆ ಬೆಳಕು ಸಾಲದು ಎಂದು ಬೈದೂ ಇದ್ದೆ. ಬಸ್ಸಿನಲ್ಲೇ ಮುಖ ಕಾದು ಕೆಂಪಾಯಿತು. ಅವರು ಮೋಸ ಮಾಡಿದ್ದಕ್ಕಿಂತ ಕನಿಕರಪಟ್ಟಿದ್ದು ಹೆಚ್ಚು ಚುಚ್ಚಿತು. ವಸೀಮಾಳನ್ನಾದರೂ ಹಿಡಿದೇ ತೀರುತ್ತೇನೆಂದು ಮಸ್ಕಿಯಲ್ಲಿ ಇಳಿದೆ.

ಅವಳು ಕಳಿಸಿದ್ದ ವಿಳಾಸದಲ್ಲಿ ಒಬ್ಬ ಹೆಂಗಸು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೈಯಲ್ಲಿ ಅದೇ ದಪ್ಪ ವಾಚು.

“ವಸೀಮಾ ಅಂದ್ರ ನಾನೇ ರೀ. ಬರ್ರಿ ಅಣ್ಣಾರ.”

ಕಿಟಕಿಯಲ್ಲಿ ಗಾಜಿನ ಭರಣಿ, ಭರಣಿಯಲ್ಲಿ ನೀಲಿ ಮೀನು, ಗಾಜಿಗೆ ಚೀಟಿ. ನಾನು ಕೇಳದಿದ್ದರೂ ಕನ್ನಡಿ ಹಿಡಿದು ತೋರಿಸಿದಳು. ಮೀನು ಅರಳಿತು. ಯೂಟ್ಯೂಬ್ ನೋಡಿ ಕಲಿತಳಂತೆ. ನಲವತ್ತು ಫೋಟೋ ತೆಗೆದು ಒಂದನ್ನು ಆರಿಸಿದ್ದಳಂತೆ.

“ನಂದು ಎಷ್ಟನೇ ನಂಬರ್ ಬಂದೈತ್ರಿ?”

“ಫಸ್ಟ್ ಬಂದೈತಮ್ಮ.”

ಅವಳು ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು.

“ಒಟ್ಟು ಎಷ್ಟು ಮಂದಿ ಇದ್ರು ರೀ?”

“ಭಾಳ ಮಂದಿ ಇದ್ರು,” ಎಂದೆ. “ಆರಿಸೋದೇ ಕಷ್ಟ ಆತು.”

ಅವಳು ನಂಬಿದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಂಬುತ್ತಿರಲಿಲ್ಲ.