ಸಾವಿರದ ಒಂಬತ್ತು

ನೀರಿನ ಮೀಟರ್ ರಿಪೇರಿ ನನ್ನ ಕೆಲಸ. ಹಳೆಯ ಮೀಟರ್‌ಗಳು ಗೋಣಿಚೀಲದಲ್ಲಿ ಬರುತ್ತವೆ. ಬಿಚ್ಚಿ, ಹಲ್ಲುಚಕ್ರ ತೊಳೆದು, ನೀರು ಹರಿಸಿ ನೋಡಿ ಕಳಿಸಬೇಕು. ಪ್ರತಿಯೊಂದರ ಹಿತ್ತಾಳೆ ಮುಚ್ಚಳದ ಮೇಲೂ ಏಳಂಕಿಯ ನಂಬರು ಕೊರೆದಿರುತ್ತದೆ. ಮಂಗಳವಾರ ಚೀಲಕ್ಕೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು 1022117. ಅಕ್ಕನ ಮನೆಯದು. ನಾನೇ ಜೋಡಿಸಿದ್ದು.

ಚೀಲ ತಂದ ಪ್ಲಂಬರನನ್ನು ಕೇಳಿದೆ. ಆಯಮ್ಮ ಮನೆ ಖಾಲಿ ಮಾಡಿ ತಿಂಗಳಾಯಿತು, ಯಾವುದೋ ದೂರದ ಹಾಸ್ಟೆಲ್‌ನಲ್ಲಿ ಅಡುಗೆಗೆ ಸೇರಿದ್ದಾರೆ ಎಂದ. ನನಗೊಂದು ಮಾತು ಹೇಳಿರಲಿಲ್ಲ. ಯಾಕೆ ಹೇಳುತ್ತಾಳೆ? ಎರಡು ವರ್ಷದಿಂದ ನಮಗೆ ಮಾತಿಲ್ಲ.

ಅವಳಿಗೆ ಗಂಡನಿಲ್ಲ, ನನಗೆ ಹೆಂಡತಿಯಿಲ್ಲ. ಭಾನುವಾರ ಅವಳ ಅಡುಗೆಮನೆಯಲ್ಲಿ ಕೂತು ಮೀಟರ್ ನಂಬರುಗಳನ್ನು ಒಡೆಯುತ್ತಿದ್ದೆವು. ಶಾಲೆಯ ಮೇಷ್ಟ್ರು ಹಚ್ಚಿದ ಚಟ. ಮೂರರಿಂದ ಭಾಗ ಹೋಗುತ್ತದೋ, ಏಳರಿಂದಲೋ, ಹನ್ನೊಂದರಿಂದಲೋ ನೋಡುತ್ತ ಹೋಗುವುದು. ಯಾವುದರಿಂದಲೂ ಹೋಗದ್ದಕ್ಕೆ ಪುಸ್ತಕದಲ್ಲಿ ಅವಿಭಾಜ್ಯ ಅನ್ನುತ್ತಾರೆ. ನಾವು ಒಂಟಿ ಅನ್ನುತ್ತಿದ್ದೆವು.

ಅವಳ ಮನೆಯ ನಂಬರು ಮೂರು ಭಾನುವಾರ ತಿಂದಿತು. ಸಾವಿರದೊಳಗಿರುವ ನೂರ ಅರವತ್ತೆಂಟು ಒಂಟಿಗಳಿಂದಲೂ ಭಾಗಿಸಿದೆ. ಜಗ್ಗಲಿಲ್ಲ. ಇದೂ ಒಂಟಿಯೇ ಎಂದು ಪೆನ್ಸಿಲ್ ಬಿಸಾಕಿದೆ. ಅಕ್ಕ ಒಪ್ಪಲಿಲ್ಲ. ಸಾವಿರ ಸಾವಿರಲೆ ಹತ್ತು ಲಕ್ಷ, ಇದು ಅದಕ್ಕಿಂತ ಇಪ್ಪತ್ತೆರಡು ಸಾವಿರ ಹೆಚ್ಚಿದೆ, ಸಾವಿರಕ್ಕೇ ನಿಲ್ಲಬೇಡ, ಇನ್ನೊಂದು ಹೆಜ್ಜೆ ಹೋಗು ಎಂದಳು. ನನಗೆ ಪಿತ್ತ ನೆತ್ತಿಗೇರಿತು.

"ಏಳ್ನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಂಗೆ ಲೆಕ್ಕ ಹೇಳ್ಕೊಡ್ತೀಯಾ?"

ಅವಳು ಶಾಲೆ ಬಿಟ್ಟದ್ದೇ ನಾನು ಓದಲಿ ಅಂತ. ಅವಳು ಎದ್ದು ಲೋಟ ತೊಳೆಯತೊಡಗಿದಳು. ನಾನು ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಹೋಗಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು. ಆಮೇಲೂ ನಂಬರು ಒಡೆದೆ. ಒಡೆಯಿತು ಅಂತ ಹೇಳಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಒಂದು ಚೀಟಿಯ ಹಿಂದೆ ಆ ನಂಬರು ಬರೆದೆ. ಸಾವಿರ ದಾಟಿದ ಮೇಲೆ ಸಿಗುವ ಮೊದಲ ಒಂಟಿ ಸಾವಿರದ ಒಂಬತ್ತು. ಭಾಗಿಸಿದೆ. ಸಾವಿರದ ಹದಿಮೂರು ಬಂತು, ಶೇಷ ಸೊನ್ನೆ.

ಒಂದೇ ಹೆಜ್ಜೆ. ಅದನ್ನು ಹಾಕಲು ನನಗೆ ಎರಡು ವರ್ಷ.

ಫೋನ್ ಮಾಡಿದೆ. ಎತ್ತಿದಳು.

"ಅಕ್ಕಾ, ಒಡೀತು. ಸಾವಿರದ ಒಂಬತ್ತರಿಂದ."

ಆ ಕಡೆ ದೊಡ್ಡ ಪಾತ್ರೆ ಉಜ್ಜುವ ಸದ್ದು ನಿಂತಿತು.

"ಇನ್ನೊಂದು ಸಾವಿರದ ಹದಿಮೂರು. ನೀನು ಹೋದ ಅರ್ಧ ಗಂಟೇಲೇ ನಂಗೆ ಸಿಕ್ತು."

"ಹೇಳ್ಬಾರ್ದಿತ್ತಾ?"

"ಬರ್ತೀಯ ಅಂತ ಇದ್ದೆ."

ಶಾಲೆಯ ಮಾತು ಆಡಬಾರದಿತ್ತು, ತಪ್ಪಾಯಿತು ಎಂದೆ. ಕೆಲಸ ಹೊಂದಿಕೊಂಡಿದೆ, ಇನ್ನು ಆ ಕಡೆಗೆ ಬರುವುದಿಲ್ಲ ಎಂದಳು. ನಾನು ಹೂಂ ಎಂದೆ. ಆಮೇಲೆ ಅವಳೇ ಅಂದಳು:

"ಹತ್ತು ಲಕ್ಷದ ಆಸಾಮಿ ಆ ನಂಬರು, ನೆಂಟ್ರು ನೋಡಿದ್ರೆ ಇಬ್ಬರೇ. ಹೋಗ್ಲಿ, ಮುಂದಿನದು ಯಾವುದಿದೆ ಹೇಳು."

ಕೈಗೆ ಬಂದದ್ದನ್ನು ಒಂದೊಂದೇ ಅಂಕಿಯಾಗಿ ಓದಿದೆ. 1031457.

"ಅಂಕಿ ಕೂಡಿ ನೋಡೋ ದಡ್ಡ, ಮೂರರಿಂದ ಹೋಗತ್ತೆ. ಬೇರೆ ತೆಗಿ."

ಚೀಲದಲ್ಲಿ ಇನ್ನೂ ಹನ್ನೊಂದು ಇದ್ದವು. ಕೈ ಹಾಕಿದೆ.